ಮುಚ್ಚಿದ ಕೋಣೆ, ಕಾಯುವವರಿಲ್ಲದ ಬೆಂಕಿ

ರಾಯಚೂರು ಜಿಲ್ಲೆ ಎಂದೊಡನೆ ನಾಡಿನ ಜನರ ನೆನಪಿಗೆ ಬರುವುದು ಬಿಸಿಲು. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಆದ್ದರಿಂದಲೇ ಇಲ್ಲಿನ ಮನೆಗಳು ಚಳಿಯನ್ನು ಲೆಕ್ಕಕ್ಕಿಟ್ಟುಕೊಂಡು ಕಟ್ಟಿದವಲ್ಲ. ತುಂಗಭದ್ರಾ ಎಡದಂಡೆ ನಾಲೆಯ ಸೀಮೆಯಾದ ಸಿಂಧನೂರು ತಾಲ್ಲೂಕಿನ ಸಾಲಗುಂದದಂತಹ ಊರುಗಳಲ್ಲಿ ಭತ್ತ ಕಟಾವಿಗೆ ಬರುವ ಹೊತ್ತಿಗೆ ಚಳಿಯೂ ಕಾಲಿಡುತ್ತದೆ. ಅದು ಇರುವುದು ಕೆಲವೇ ವಾರ. ಆ ಕೆಲವು ವಾರಗಳಿಗಾಗಿ ಯಾರೂ ಮನೆಗೆ ಹೊಗೆಕೊಳವೆ ಕಟ್ಟಿಸುವುದಿಲ್ಲ, ದುಬಾರಿ ಹೀಟರ್ ಕೊಳ್ಳುವುದಿಲ್ಲ. ಕೈಗೆ ಸಿಗುವ ಇದ್ದಿಲು, ಕುಳ್ಳು, ಒಂದು ಕಬ್ಬಿಣದ ಬುಟ್ಟಿ ಸಾಕೆಂದು ತಿಳಿಯುತ್ತಾರೆ. ಪ್ರತಿ ಚಳಿಗಾಲದಲ್ಲಿಯೂ ದೇಶದ ಒಂದಿಲ್ಲೊಂದು ಮೂಲೆಯಿಂದ ‘ಮಲಗಿದ್ದಲ್ಲಿಯೇ ಸಾವು’ ಎಂಬ ಸುದ್ದಿ ಬರುವುದು ಇಂತಹ ತಿಳಿವಳಿಕೆಯ ಫಲವಾಗಿಯೇ.

2025ರ ನವೆಂಬರ್‌ನಲ್ಲಿ ಬೆಳಗಾವಿಯ ಅಮನ್ ನಗರದಲ್ಲಿ ಇದ್ದಿಲಿನ ಒಲೆ ಹೊತ್ತಿಸಿ, ಕೋಣೆಯ ಬಾಗಿಲು ಮುಚ್ಚಿ ಮಲಗಿದ್ದ ಯುವಕರಲ್ಲಿ ಮೂವರು ಮೃತಪಟ್ಟರು. ಇನ್ನೊಬ್ಬ ಯುವಕ ಗಂಭೀರ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿದ. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿ ಹೋಟೆಲಿನ ಒಂದೇ ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿಕೊಂಡು ಮಲಗಿದ್ದ ಕೇರಳದ ಎಂಟು ಪ್ರವಾಸಿಗರು ಬೆಳಗಾಗುವಷ್ಟರಲ್ಲಿ ಪ್ರಜ್ಞೆ ತಪ್ಪಿದ್ದರು. ಅವರಲ್ಲಿ ಯಾರೂ ಉಳಿಯಲಿಲ್ಲ. ಮೃತರಲ್ಲಿ ನಾಲ್ವರು ಮಕ್ಕಳು. ಒಂದು ಕಡೆ ಇದ್ದಿಲು, ಇನ್ನೊಂದು ಕಡೆ ಗ್ಯಾಸ್. ಎರಡೂ ಕಡೆ ಬೆಂಕಿ ಉರಿಯುತ್ತಿತ್ತು, ನೋಡಿಕೊಳ್ಳಬೇಕಾದವರು ನಿದ್ರಿಸುತ್ತಿದ್ದರು.

ಅಜ್ಜಿಯ ಕಾಲದಲ್ಲಿ ಏನೂ ಆಗಲಿಲ್ಲವೇಕೆ?

ಈ ವಿಷಯ ಪ್ರಸ್ತಾಪವಾದಾಗಲೆಲ್ಲ ಹಿರಿಯರು ಕೇಳುವ ಪ್ರಶ್ನೆಯೊಂದಿದೆ. ‘ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಟ್ಟಿದ್ದೇವೆ, ಯಾರಿಗೆ ಏನಾಯಿತು?’ ಪ್ರಶ್ನೆ ತಳ್ಳಿಹಾಕುವಂತಹದಲ್ಲ. ಉತ್ತರ ಕೆಂಡದಲ್ಲಿಲ್ಲ, ಕೋಣೆಯಲ್ಲಿದೆ.

ಉತ್ತರ ಕರ್ನಾಟಕದ ಹಳೆಯ ಮಾಳಿಗೆ ಮನೆಗಳಿಗೆ ದಪ್ಪ ಗೋಡೆ, ಮಣ್ಣಿನ ಮೇಲ್ಛಾವಣಿ, ಅದರಲ್ಲೊಂದು ಬೆಳಕಿಂಡಿ. ಕಟ್ಟಿಗೆಯ ಬಾಗಿಲುಗಳ ಸಂದಿನಲ್ಲಿ ಬೆರಳು ತೂರುತ್ತಿತ್ತು. ಬಿಸಿಯಾದ ಗಾಳಿ ಮೇಲೇರಿ ಬೆಳಕಿಂಡಿಯಿಂದ ಹೊರಟರೆ, ಸಂದುಗಳಿಂದ ತಣ್ಣನೆಯ ಗಾಳಿ ಒಳಬರುತ್ತಿತ್ತು. ಮನೆ ತಾನಾಗಿಯೇ ಉಸಿರಾಡುತ್ತಿತ್ತು. ಈಗಿನ ಕೋಣೆಗೆ ಸಿಮೆಂಟಿನ ಸ್ಲ್ಯಾಬು, ಗಾಜು ಜಾರುವ ಅಲ್ಯೂಮಿನಿಯಂ ಕಿಟಕಿ, ಚೌಕಟ್ಟಿಗೆ ಬಿಗಿಯಾಗಿ ಕೂರುವ ಬಾಗಿಲು. ಬಾಣಂತಿಗೆ ಗಾಳಿ ಸೋಕಬಾರದೆಂದು ಉಳಿದ ಸಂದಿಗೂ ಬಟ್ಟೆ ತುರುಕುವುದುಂಟು. ಅಜ್ಜಿಯ ಕೆಂಡವನ್ನು ತಂದು ಮೊಮ್ಮಗಳ ಕೋಣೆಯಲ್ಲಿಟ್ಟರೆ ಪದ್ಧತಿ ಮುಂದುವರಿಯಿತೆಂದು ತೋರುತ್ತದೆ. ವಾಸ್ತವವಾಗಿ ಪದ್ಧತಿಯ ಅರ್ಧ ಮಾತ್ರ ಉಳಿದಿದೆ. ಅದನ್ನು ಸುರಕ್ಷಿತವಾಗಿರಿಸಿದ್ದ ಇನ್ನರ್ಧ ಹಳೆಯ ಮನೆಯೊಂದಿಗೇ ಹೋಯಿತು. ಹಳೆಯ ಕಾಲದಲ್ಲಿ ಯಾರಿಗೂ ಏನೂ ಆಗಲಿಲ್ಲ ಎಂಬ ಮಾತನ್ನೂ ಪೂರ್ತಿ ನಂಬಬೇಕಾಗಿಲ್ಲ. ಬಾಣಂತಿಗೆ ತಲೆನೋವು, ಕೂಸಿಗೆ ಮಂಪರು ಬಂದರೆ ಅಂದು ಶೀತ, ದೃಷ್ಟಿ ಮುಂತಾದ ಹಲವು ಕಾರಣಗಳಿದ್ದವು.

ಇದ್ದಿಲು ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹೀಗಾಗಿ ಶ್ವಾಸಕೋಶ ಎಂದಿನಂತೆ ಕೆಲಸ ಮಾಡುತ್ತಿದ್ದರೂ ಮೆದುಳು, ಹೃದಯಗಳಿಗೆ ಆಮ್ಲಜನಕ ತಲುಪುವುದಿಲ್ಲ. ಮೊದಲು ತಲೆನೋವು, ಅನಂತರ ವಾಕರಿಕೆ, ತಲೆಸುತ್ತು, ಕೈಕಾಲಿನಲ್ಲಿ ನಿತ್ರಾಣ. ಎಚ್ಚರವಿದ್ದವರು ಆಗಲಾದರೂ ಹೊರಗೆ ಹೋದಾರು. ನಿದ್ದೆಯಲ್ಲಿರುವವರಿಗೆ ಆ ಮುನ್ಸೂಚನೆಯೂ ದಕ್ಕುವುದಿಲ್ಲ.

‘ಬೂದಿ ಮುಚ್ಚಿದ ಕೆಂಡ’ ಎಂಬುದು ಕನ್ನಡದಲ್ಲಿ ಒಳಗೇ ಕುದಿಯುವ ವೈಷಮ್ಯಕ್ಕೆ ಬಳಸುವ ಮಾತು. ಇಲ್ಲಿ ಅದನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಹೊಗೆ ನಿಂತು, ಮೇಲೆ ಬೂದಿ ಕಟ್ಟಿ, ಒಳಗೆ ಕೆಂಪಗಿರುವ ಇದ್ದಿಲನ್ನು ಜನ ‘ಇನ್ನು ಒಳಗೆ ತರಬಹುದು’ ಎಂದುಕೊಳ್ಳುತ್ತಾರೆ. ಹೊಗೆ ಇಲ್ಲವಾದದ್ದು ನಿಜ. ಆದರೆ ಅನಿಲ ಹುಟ್ಟುತ್ತಲೇ ಇರುತ್ತದೆ. ಎಚ್ಚರಿಸುತ್ತಿದ್ದ ಹೊಗೆ ಮಾತ್ರ ಹೋಗಿರುತ್ತದೆ.

ಹತ್ತಡಿ ಕೋಣೆಯ ಲೆಕ್ಕ

ಒಂದು ಕಿಲೋ ಇದ್ದಿಲು ಉರಿದರೆ 100 ಗ್ರಾಂಗೂ ಹೆಚ್ಚು ಕಾರ್ಬನ್ ಮೊನಾಕ್ಸೈಡ್ ಹೊರಬರುತ್ತದೆ. ಹಾಗಾದರೆ ಕೇವಲ 100 ಗ್ರಾಂ ಇದ್ದಿಲಿನಿಂದ, ಅಂದರೆ ಎರಡು ಮೂರು ಹಿಡಿಯಿಂದ, ಕಡಿಮೆಯೆಂದರೂ 10 ಗ್ರಾಂ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯ ಗಾತ್ರ ಸುಮಾರು 28 ಘನ ಮೀಟರ್. ಎಲ್ಲಿಯೂ ಗಾಳಿಯಾಡದಿದ್ದರೆ ಆ 10 ಗ್ರಾಂ ಅನಿಲವು ಹತ್ತು ಲಕ್ಷ ಭಾಗ ಗಾಳಿಗೆ 300 ಭಾಗದಷ್ಟಾಗುತ್ತದೆ. ಈ ಪ್ರಮಾಣದಲ್ಲಿ ಕೆಲವು ತಾಸಿನಲ್ಲಿ ತಲೆ ಸಿಡಿಯತೊಡಗುತ್ತದೆ; ರಾತ್ರಿಯಿಡೀ ಉಸಿರಾಡಿದರೆ ಪ್ರಾಣಕ್ಕೇ ಅಪಾಯ. ವಾಸ್ತವದಲ್ಲಿ ಯಾರೂ ಎರಡು ಹಿಡಿ ಇದ್ದಿಲು ಹಾಕಿ ಸುಮ್ಮನಾಗುವುದಿಲ್ಲ.

ಕೋಣೆ ಚಿಕ್ಕದಾದಷ್ಟೂ ಲೆಕ್ಕ ಕೆಡುತ್ತದೆ. ಸುಗ್ಗಿಯ ದಿನಗಳಲ್ಲಿ ಸಿಂಧನೂರಿನ ರೈಸ್ ಮಿಲ್ಲುಗಳ ಮುಂದೆ ಭತ್ತದ ಲಾರಿಗಳು ಸಾಲುಗಟ್ಟುತ್ತವೆ. ಚಾಲಕ, ಕ್ಲೀನರ್ ಕ್ಯಾಬಿನ್ನಿನಲ್ಲಿಯೇ ರಾತ್ರಿ ಕಳೆಯುತ್ತಾರೆ. ಲಾರಿ ಕ್ಯಾಬಿನ್ನಿನ ಗಾತ್ರವನ್ನು ನಾಲ್ಕು ಘನ ಮೀಟರ್ ಎಂದಿಟ್ಟುಕೊಂಡರೂ ಅದೇ ಎರಡು ಹಿಡಿ ಇದ್ದಿಲಿನಿಂದ ಹತ್ತು ಲಕ್ಷಕ್ಕೆ 2,000 ಭಾಗ ದಾಟುತ್ತದೆ. ಆ ಮಟ್ಟದಲ್ಲಿ ಅರ್ಧ ಗಂಟೆಯೊಳಗೆ ತಲೆಸುತ್ತು, ಒಂದೆರಡು ತಾಸಿನಲ್ಲಿ ಸಾವು. ಗದ್ದೆಯ ಅಂಚಿನಲ್ಲಿ ರಾಶಿ ಕಾಯುವವರ ತಗಡಿನ ಶೆಡ್ಡಿಗೂ ಇದೇ ಮಾತು ಅನ್ವಯಿಸುತ್ತದೆ. ಹೋಲಿಸಿದರೆ, ಬಯಲಿನಲ್ಲಿ ಕುರಿಹಟ್ಟಿಯ ಪಕ್ಕ ಬೆಂಕಿ ಹಾಕಿಕೊಂಡು ಮಲಗುವ ಕುರಿಗಾಹಿಯೇ ಸುರಕ್ಷಿತ. ಅವನಿಗೆ ಗೋಡೆಯೂ ಇಲ್ಲ, ಛಾವಣಿಯೂ ಇಲ್ಲ.

ಗ್ಯಾಸ್ ಅಥವಾ ಸೀಮೆಎಣ್ಣೆಯ ಹೀಟರುಗಳು ಇದ್ದಿಲಿಗಿಂತ ನಾಜೂಕಾಗಿ ಕಂಡರೂ, ಹೊಗೆಯನ್ನು ಹೊರಗೊಯ್ಯುವ ಕೊಳವೆಯಿಲ್ಲದಿದ್ದರೆ ಅವೂ ಅದೇ ಕೋಣೆಯ ಆಮ್ಲಜನಕವನ್ನು ತಿಂದು, ತಮ್ಮ ಅನಿಲವನ್ನು ಅಲ್ಲಿಯೇ ಬಿಡುತ್ತವೆ. ಆಮ್ಲಜನಕ ಇಳಿದಂತೆ ಜ್ವಾಲೆ ಅಪೂರ್ಣವಾಗಿ ಉರಿಯುತ್ತದೆ, ಕಾರ್ಬನ್ ಮೊನಾಕ್ಸೈಡ್ ಹೆಚ್ಚುತ್ತದೆ. ಬಚ್ಚಲುಮನೆಯಲ್ಲಿಟ್ಟ ಗ್ಯಾಸ್ ಗೀಸರ್‌ಗಳಿಂದ ರಾಜ್ಯದಲ್ಲಿ ಆಗಿರುವ ಸಾವುಗಳಿಗೂ ಕಾರಣ ಇದೇ. ಜೊತೆಗೆ, ಒಂದು ಕಿಲೋ ಅಡುಗೆ ಅನಿಲ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಅದು ತಣ್ಣನೆಯ ಗೋಡೆಗೆ ತಗುಲಿ ನೀರಾಗಿ ಇಳಿದು ಕೋಣೆ ತೇವವಾಗುತ್ತದೆ.

ಮರಿಗಳ ಮನೆಯ ಪಾಠ

ಹಾಗಾದರೆ ರಾತ್ರಿಯಿಡೀ, ಯಾರೂ ಪಕ್ಕದಲ್ಲಿ ಕೂರದೆ, ಒಂದು ಕೋಣೆಯನ್ನು ಬೆಚ್ಚಗಿಡಲು ಸಾಧ್ಯವೇ ಇಲ್ಲವೇ? ಸಾಧ್ಯವಿದೆ. ಹಳ್ಳಿಗಾಡಿನಲ್ಲಿ ಅದನ್ನು ದಿನನಿತ್ಯ ಮಾಡಬೇಕಾದವರು ಕೋಳಿ ಸಾಕಣೆದಾರರು. ಒಂದು ದಿನದ ಕೋಳಿಮರಿಗೆ ತನ್ನ ಮೈಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ಮೊದಲ ವಾರ ಅದಕ್ಕೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಅನಂತರ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬಹುದು. ಅದೇ ರಾತ್ರಿ ಹೊರಗೆ 14–15 ಡಿಗ್ರಿ ಇದ್ದರೆ ಶೆಡ್ಡಿನ ಒಳಗೂ ಹೊರಗೂ ಇಪ್ಪತ್ತು ಡಿಗ್ರಿಯ ಅಂತರ. ಕಾವು ತಪ್ಪಿದರೆ ಮರಿಗಳು ಒಂದರ ಮೇಲೊಂದು ರಾಶಿ ಬಿದ್ದು, ಅಡಿಯಲ್ಲಿದ್ದವು ಉಸಿರುಗಟ್ಟಿ ಸಾಯುತ್ತವೆ.

ಬಲ್ಲ ಸಾಕಣೆದಾರ ಇಡೀ ಶೆಡ್ಡನ್ನು ಬಿಸಿ ಮಾಡುವ ಗೋಜಿಗೆ ಹೋಗುವುದಿಲ್ಲ. ತಗಡು ಅಥವಾ ರಟ್ಟಿನ ಹಾಳೆಯಿಂದ ನೆಲದ ಮೇಲೆ ಒಂದು ವೃತ್ತ ಮಾಡಿ, ಎರಡು ಮೂರು ಅಂಗುಲ ಭತ್ತದ ಹೊಟ್ಟು ಹರಡಿ, ಅದರ ಮೇಲೆ ಮಾತ್ರ ಕಾವು ಬೀಳುವಂತೆ ಬಲ್ಬುಗಳನ್ನು ತೂಗುಹಾಕುತ್ತಾನೆ. ಸಿಂಧನೂರಿನಂತಹ ಮಿಲ್ಲುಗಳ ಊರಿನಲ್ಲಿ ಹೊಟ್ಟಿಗೆ ಬರವಿಲ್ಲ. ಅದು ನೆಲದ ತಂಪನ್ನು ತಡೆಯುತ್ತದೆ. ಮರಿಯೊಂದಕ್ಕೆ ಒಂದರಿಂದ ಎರಡು ವಾಟ್ ಎಂಬುದು ಸಾಮಾನ್ಯ ಲೆಕ್ಕ. 250 ಮರಿಗಳಿಗೆ 500 ವಾಟ್ ಆಯಿತು. ಅದನ್ನು ಒಂದೇ ದೊಡ್ಡ ಬಲ್ಬಿನಲ್ಲಿ ಕೊಡುವುದಕ್ಕಿಂತ 100 ವಾಟಿನ ಐದು ಬಲ್ಬುಗಳಲ್ಲಿ ಕೊಡುವುದು ಮೇಲು. ನಡುರಾತ್ರಿ ಒಂದು ಸುಟ್ಟುಹೋದರೂ ಉಳಿದ ನಾಲ್ಕು ಬೆಳಗಿನವರೆಗೆ ಮರಿಗಳನ್ನು ಉಳಿಸುತ್ತವೆ. ವೃತ್ತವೇ ಯಾಕೆಂದರೆ ಮೂಲೆಗಳಿದ್ದಲ್ಲಿ ಮರಿಗಳು ರಾಶಿ ಬೀಳುತ್ತವೆ.

ಕಾವು ಸರಿಯಿದೆಯೇ ಎಂದು ತಿಳಿಯಲು ಥರ್ಮಾಮೀಟರಿಗಿಂತ ಮರಿಗಳನ್ನೇ ನೋಡುವುದು ಒಳ್ಳೆಯದು. ಬಲ್ಬಿನ ಅಡಿಯಲ್ಲಿ ಒತ್ತೊತ್ತಾಗಿ ನಿಂತು ಚಿಲಿಪಿಲಿ ಹೆಚ್ಚಿದ್ದರೆ ಚಳಿ. ದೂರ ಸರಿದು ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದರೆ ಸೆಖೆ. ಎಲ್ಲವೂ ಒಂದೇ ಬದಿಗೆ ಗುಂಪಾದರೆ ಇನ್ನೊಂದು ಬದಿಯಿಂದ ಗಾಳಿ ಹೊಡೆಯುತ್ತಿದೆ. ವೃತ್ತದ ತುಂಬ ಹರಡಿಕೊಂಡು ತಿನ್ನುತ್ತ, ಮಲಗುತ್ತ ಇದ್ದರೆ ಸಾಕಣೆದಾರ ನೆಮ್ಮದಿಯಿಂದ ಮನೆಗೆ ಹೋಗಬಹುದು.

ಅಪಾಯ ಇರುವುದು ಎರಡು ಕಡೆ. ಒಣ ಹೊಟ್ಟಿನ ಮೇಲೆ ಬಿಸಿ ಬಲ್ಬು ಬಿದ್ದರೆ ಶೆಡ್ಡಿಗೆ ಬೆಂಕಿ. ಆದ್ದರಿಂದ ಬಲ್ಬನ್ನು ಅದರ ವೈರಿನಿಂದಲೇ ನೇತುಬಿಡದೆ ಪ್ರತ್ಯೇಕ ಸರಪಳಿಯಿಂದ ಕಟ್ಟಬೇಕು, ತಂತಿ ಬಲೆಯ ಕವಚ ಹಾಕಬೇಕು, 250 ವಾಟಿನ ಇನ್‌ಫ್ರಾರೆಡ್ ಬಲ್ಬಾದರೆ ಹೊಟ್ಟಿನಿಂದ ಒಂದೂವರೆ ಅಡಿಯಾದರೂ ಮೇಲಿರಬೇಕು. ಎರಡನೆಯದು ಮನುಷ್ಯರ ಕೋಣೆಯಲ್ಲಿ ಕಂಡ ಅಪಾಯವೇ. ಚಳಿ ಹೆಚ್ಚಿದೊಡನೆ ಶೆಡ್ಡಿನ ಬದಿಯ ಗೋಣಿತಟ್ಟು, ಪ್ಲಾಸ್ಟಿಕ್ ಪರದೆಗಳನ್ನು ಮೇಲಿನವರೆಗೆ ಬಿಗಿದು, ಕರೆಂಟು ಹೋದರೆ ಇರಲೆಂದು ಒಳಗೊಂದು ಇದ್ದಿಲಿನ ಒಲೆ ಇಡುವುದು. ಪರದೆ ಪೂರ್ತಿ ಮುಚ್ಚಿದ ಶೆಡ್ಡಿನಲ್ಲಿ ಹಿಕ್ಕೆಯಿಂದ ಅಮೋನಿಯಾ, ಒಲೆಯಿಂದ ಕಾರ್ಬನ್ ಮೊನಾಕ್ಸೈಡ್, ಮರಿಗಳ ಉಸಿರಿನಿಂದ ತೇವ ಎಲ್ಲವೂ ಒಟ್ಟಾಗುತ್ತವೆ. ಆಮ್ಲಜನಕದ ಕೊರತೆಯಲ್ಲಿ ಬೆಳೆದ ಮರಿಗಳಿಗೆ ಮುಂದೆ ಹೊಟ್ಟೆಯಲ್ಲಿ ನೀರು ತುಂಬುವ ರೋಗ ಬರುವುದು ಹೆಚ್ಚು. ಪರದೆಯ ಮೇಲ್ಭಾಗದಲ್ಲಿ ಒಂದಡಿ ಬಿಡುವುದು, ಒಲೆ ಅನಿವಾರ್ಯವಾದರೆ ಅದರ ಹೊಗೆಕೊಳವೆ ಛಾವಣಿಯಿಂದ ಹೊರಹೋಗುವಂತೆ ಮಾಡುವುದು ಇದಕ್ಕೆ ಪರಿಹಾರ. ಒಲೆಯನ್ನು ನೋಡಿಕೊಳ್ಳುವ ಆಳು ಅದೇ ಶೆಡ್ಡಿನ ಮೂಲೆಯಲ್ಲಿ ಮಲಗುತ್ತಾನೆ ಎಂಬುದನ್ನು ಮಾಲೀಕರು ಎಷ್ಟೋ ಸಲ ಮರೆಯುತ್ತಾರೆ. ಮರಿಗಳಿಗೆ ವಿಮೆ ಮಾಡಿಸಿದವರೂ ಆಳಿನ ಉಸಿರಿನ ಬಗ್ಗೆ ಯೋಚಿಸಿರುವುದಿಲ್ಲ.

ಬೀಗ ಹಾಕಿದ ದೋಣಿಯ ಒಳಗೆ

ಈ ಸೀಮೆಯವರಿಗೆ ದೋಣಿ ಎಂದರೆ ತುಂಗಭದ್ರೆಯ ಹರಿಗೋಲು. ಅದಕ್ಕೆ ಕೋಣೆಯೂ ಇಲ್ಲ, ಹೀಟರಿನ ಅಗತ್ಯವೂ ಇಲ್ಲ. ಆದರೆ ಬ್ರಿಟನ್ನಿನ ಕಾಲುವೆಗಳಲ್ಲಿ, ಉತ್ತರ ಯುರೋಪಿನ ಬಂದರುಗಳಲ್ಲಿ ಸಾವಿರಾರು ಜನ ಮಲಗುವ ಕೋಣೆಯಿರುವ ದೋಣಿಗಳನ್ನು ಇಟ್ಟುಕೊಂಡಿದ್ದಾರೆ. ಚಳಿಗಾಲ ಬಂದೊಡನೆ ಬೀಗ ಹಾಕಿ ಊರಿಗೆ ಹೋಗುತ್ತಾರೆ. ಒಳಗಿನ ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿದರೆ ಹಿಗ್ಗಿ ಕೊಳವೆ ಒಡೆಯುತ್ತದೆ, ತೇವಕ್ಕೆ ಹಾಸಿಗೆ ಬೂಷ್ಟು ಹಿಡಿಯುತ್ತದೆ. ಯಾರೂ ಇಲ್ಲದ ಕೋಣೆಯನ್ನು ತಿಂಗಳುಗಟ್ಟಲೆ ಕಾಪಾಡುವುದು ಹೇಗೆಂಬುದು ಅವರ ಸಮಸ್ಯೆ. ಅದಕ್ಕೆ ಅವರು ಕಂಡುಕೊಂಡಿರುವ ಉತ್ತರ ಕೋಳಿ ಸಾಕಣೆದಾರನ ಉತ್ತರಕ್ಕೆ ಬಹಳ ಹತ್ತಿರ.

ಅವರು ಮೊದಲು ಕೇಳಿಕೊಳ್ಳುವುದು ‘ಬಿಸಿ ಬೇಕೇ?’ ಎಂದು. ಕೊಳವೆಗಳ ನೀರನ್ನು ಪೂರ್ತಿ ಬಸಿದು, ಎಂಜಿನ್ನಿಗೆ ಹೆಪ್ಪುಗಟ್ಟದ ದ್ರಾವಣ ಹಾಕಿದರೆ ಅರ್ಧ ಕಾರಣ ಅಲ್ಲಿಗೇ ಮುಗಿಯಿತು. ಉಳಿದ ತೇವಕ್ಕೆ ಗಾಳಿಕಿಂಡಿಗಳನ್ನು ತೆರೆದಿಡುತ್ತಾರೆ. ಆಮೇಲೂ ಬೇಕಾದರೆ, ಕೆಂಪಗೆ ಕಾಯದ, ಕಡಿಮೆ ವಾಟಿನ ಕೊಳವೆ ಹೀಟರನ್ನೋ ಎಣ್ಣೆ ತುಂಬಿದ ಹೀಟರನ್ನೋ ಬಿಗಿಯಾಗಿ ಕೂರಿಸಿ, ಉಷ್ಣಾಂಶ ಐದಾರು ಡಿಗ್ರಿಗಿಂತ ಇಳಿಯದಂತೆ ಥರ್ಮೋಸ್ಟಾಟಿಗೆ ಒಪ್ಪಿಸುತ್ತಾರೆ. ಜ್ವಾಲೆಯಿರುವ ಯಾವುದನ್ನೂ ಹಚ್ಚಿಟ್ಟು ಹೋಗುವುದಿಲ್ಲ. ದೋಣಿಯಲ್ಲಿಯೇ ಮಲಗುವವರ ಪೈಕಿ ಒಲೆಯ ಅನಿಲಕ್ಕೆ ಬಲಿಯಾದವರು ಅಲ್ಲಿಯೂ ಇದ್ದಾರೆ. 2019ರ ಏಪ್ರಿಲ್‌ನಿಂದ ಬ್ರಿಟನ್ನಿನ ದೋಣಿ ಸುರಕ್ಷತಾ ನಿಯಮಗಳಲ್ಲಿ, ಮಲಗುವ ಕೋಣೆಯಿರುವ ದೋಣಿಗಳಿಗೆ ಕಾರ್ಬನ್ ಮೊನಾಕ್ಸೈಡ್ ಪತ್ತೆಹಚ್ಚಿ ಸದ್ದು ಮಾಡುವ ಉಪಕರಣ ಕಡ್ಡಾಯವಾಗಿದೆ. ಅಂಗೈಯಗಲದ, ಬ್ಯಾಟರಿಯಿಂದ ನಡೆಯುವ ಈ ಉಪಕರಣ ಇಂದು ಭಾರತದಲ್ಲಿಯೂ ಆನ್‌ಲೈನ್ ಅಂಗಡಿಗಳಲ್ಲಿ ದೊರೆಯುತ್ತದೆ. ಗ್ಯಾಸ್ ಗೀಸರ್ ಇರುವ ನಗರದ ಮನೆಗಳಲ್ಲಿ ಇದನ್ನು ಹಾಕಿಸಿಕೊಂಡವರು ಇನ್ನೂ ವಿರಳ.

ಕರೆಂಟು ಹೋಗಿ ಬಂದಾಗ

ವಿದ್ಯುತ್ ಹೀಟರಿನಿಂದ ವಿಷಾನಿಲದ ಭಯವಿಲ್ಲ. ಹಾಗೆಂದು ಹಚ್ಚಿಟ್ಟು ಮರೆಯುವಂತಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಫ್ಯಾನ್ ಹೀಟರ್ 2,000 ವಾಟ್ ಎಳೆಯುತ್ತದೆ. 230 ವೋಲ್ಟಿನಲ್ಲಿ ಅದು ಸುಮಾರು 8.7 ಆಂಪಿಯರ್. ಮನೆಯ ದೀಪ, ಟಿ.ವಿ.ಗೆ ಬಳಸುವ ಸಣ್ಣ ಸಾಕೆಟ್ಟಿನ ಮಿತಿ 6 ಆಂಪಿಯರ್. ಎಕ್ಸ್‌ಟೆನ್ಷನ್ ಬೋರ್ಡಿನ ಸಪೂರ ವೈರಿನಲ್ಲಿ ಇಂತಹ ಹೊರೆ ಹರಿದರೆ ಕೋಣೆಗಿಂತ ಮೊದಲು ವೈರೇ ಕಾಯುತ್ತದೆ. ದಪ್ಪ ಮೂರು ಕಡ್ಡಿಯ, 16 ಆಂಪಿಯರಿನ ಸಾಕೆಟ್ಟಿಗೆ ನೇರವಾಗಿ ಜೋಡಿಸುವುದೊಂದೇ ಸರಿಯಾದ ದಾರಿ.

ಹಳ್ಳಿಗಳಲ್ಲಿ ಇನ್ನೊಂದು ತೊಡಕಿದೆ. ಕರೆಂಟು ಹೋದಾಗ ಹೀಟರಿನ ಸ್ವಿಚ್ಚು ಹಾಕಿಯೇ ಇರುತ್ತದೆ; ಮನೆಯವರು ಕೆಲಸಕ್ಕೋ ಊರಿಗೋ ಹೊರಡುತ್ತಾರೆ. ಮಧ್ಯಾಹ್ನ ಜೆಸ್ಕಾಂ ವಿದ್ಯುತ್ ಮರಳಿದಾಗ ಬೀಗ ಹಾಕಿದ ಮನೆಯಲ್ಲಿ ಹೀಟರ್ ತಾನಾಗಿ ಕಾಯತೊಡಗುತ್ತದೆ. ಅಷ್ಟರಲ್ಲಿ ಅದರ ಮೇಲೆ ಒಣಗಲು ಹಾಕಿದ ಟವೆಲ್ ಇದ್ದರೆ ಮುಂದಿನದು ಅಗ್ನಿಶಾಮಕ ದಳದ ಕೆಲಸ. ಬಕೆಟ್ಟಿನಲ್ಲಿ ನೀರು ಕಾಯಿಸುವ ಕಾಯಿಲ್ ಕೂಡ ಇದೇ ರೀತಿ ಅನೇಕ ಬಕೆಟ್ಟುಗಳನ್ನು ಕರಗಿಸಿದೆ. ಉರುಳಿದರೆ ತಾನಾಗಿ ಆರುವ, ನಿಗದಿತ ಉಷ್ಣಾಂಶ ಮುಟ್ಟಿದರೆ ನಿಲ್ಲುವ ವ್ಯವಸ್ಥೆಯುಳ್ಳ, ಎಣ್ಣೆ ತುಂಬಿದ ಹೀಟರ್ ಬೆಲೆ ಹೆಚ್ಚಾದರೂ ಕೂಸು ಮಲಗುವ ಕೋಣೆಗೆ ಅದೇ ಸೂಕ್ತ.

ಹೀಟರ್ ಕೊಳ್ಳುವ ಶಕ್ತಿ ಇಲ್ಲದವರಿಗೆ ದಾರಿಯಿಲ್ಲವೆಂದಲ್ಲ. ವಿಶ್ರಾಂತಿಯಲ್ಲಿರುವ ಮನುಷ್ಯದೇಹ ಸುಮಾರು 80ರಿಂದ 100 ವಾಟಿನಷ್ಟು ಶಾಖವನ್ನು ಸದಾ ಹೊರಬಿಡುತ್ತಿರುತ್ತದೆ. ಅದನ್ನು ಹಿಡಿದಿಡುವುದಷ್ಟೇ ಬೇಕಾದದ್ದು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ, ಕುರಿ ಉಣ್ಣೆಯ ಕಂಬಳಿ ಮಾಡುವುದು ಇದನ್ನೇ. ಮೈಮೇಲೆ ಎರಡು ಹೊದ್ದು ನೆಲಕ್ಕೆ ಒಂದೇ ಚಾಪೆ ಹಾಕುವವರು ತಿಳಿಯಬೇಕಾದದ್ದೆಂದರೆ, ಸಿಮೆಂಟ್ ಅಥವಾ ಬಂಡೆಯ ನೆಲ ರಾತ್ರಿಯಿಡೀ ಮೈಶಾಖವನ್ನು ಹೀರುತ್ತದೆ. ಒಂದು ಕೌದಿ ಮೈಕೆಳಗೂ ಬೇಕು. ತಗಡಿನ ಛಾವಣಿಯ ಅಡಿಗೆ ಬಿದಿರಿನ ತಟ್ಟಿಯನ್ನೋ ರಟ್ಟನ್ನೋ ಕಟ್ಟಿದರೆ ರಾತ್ರಿ ಮೇಲಿನಿಂದ ಇಳಿಯುವ ತಂಪು ಕಡಿಮೆಯಾಗುತ್ತದೆ.

ಬಾಣಂತಿಯ ವಿಷಯದಲ್ಲಿ ಮನೆಯ ಹಿರಿಯರೊಂದಿಗೆ ಜಗಳ ಆಡಬೇಕಾಗಿಲ್ಲ. ಎರೆದುಕೊಂಡ ಮೇಲೆ ಅಜವಾನ, ಲೋಬಾನದ ಧೂಪ ಹಾಕುವುದೇ ಮನೆಯ ಪದ್ಧತಿಯಾದರೆ, ಬಾಗಿಲು ತೆರೆದಿಟ್ಟು, ಹಿರಿಯರೊಬ್ಬರು ಎಚ್ಚರವಾಗಿ ಪಕ್ಕದಲ್ಲಿ ಕೂತು, ಹತ್ತು ನಿಮಿಷದಲ್ಲಿ ಮುಗಿಸಿ ಕೆಂಡವನ್ನು ಅಂಗಳಕ್ಕೆ ಒಯ್ದುಬಿಡಬೇಕು. ಕೂಸನ್ನು ಆ ಹೊತ್ತು ಹೊಗೆಯಿಲ್ಲದ ಬೇರೆ ಕೋಣೆಯಲ್ಲಿ ಇಡುವುದು ಲೇಸು. ನವಜಾತ ಶಿಶು ನಿಮಿಷಕ್ಕೆ 40ರಿಂದ 60 ಬಾರಿ ಉಸಿರಾಡುತ್ತದೆ, ದೊಡ್ಡವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಕೋಣೆಯ ಗಾಳಿ ಕೆಟ್ಟರೆ ಮೊದಲು ಬಳಲುವುದು ಅದೇ. ಕೂಸನ್ನು ಬೆಚ್ಚಗಿಡಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಿಧಾನಕ್ಕೆ ಕಾಸಿನ ಖರ್ಚೂ ಇಲ್ಲ: ಬಟ್ಟೆಯಿಲ್ಲದ ಕೂಸನ್ನು, ತಲೆಗೆ ಕುಲಾವಿ ಹಾಕಿ, ತಾಯಿಯ ಬರಿಯ ಎದೆಗೆ ತಾಗಿಸಿ, ಇಬ್ಬರ ಮೇಲೂ ಹೊದಿಕೆ ಹೊದಿಸುವುದು. ತಾಯಿಗೆ ನಿದ್ದೆ ಬಂದಾಗ ಅಜ್ಜಿಯೋ ತಂದೆಯೋ ಹಾಗೆಯೇ ಎತ್ತಿಕೊಳ್ಳಬಹುದು.

ಪ್ರಜ್ಞೆ ತಪ್ಪಿದವರನ್ನು ಕಂಡಾಗ

ಮುಚ್ಚಿದ ಕೋಣೆಯಲ್ಲಿ ಯಾರಾದರೂ ಎಚ್ಚರವಿಲ್ಲದೆ ಬಿದ್ದಿರುವುದು ಕಂಡರೆ ಒಳನುಗ್ಗಿ ಅಲ್ಲಿಯೇ ಉಪಚರಿಸಲು ಕೂರಬಾರದು. ಬಾಗಿಲು, ಕಿಟಕಿಗಳನ್ನು ತೆರೆದು ಅವರನ್ನು ಬಯಲಿಗೆ ಎಳೆದು ತರಬೇಕು. ಕೆಂಡವನ್ನು ಆರಿಸುವುದು ಆಮೇಲಿನ ಕೆಲಸ. 108ಕ್ಕೆ ಕರೆ ಮಾಡುವಾಗಲೇ ‘ಕೋಣೆಯಲ್ಲಿ ಇದ್ದಿಲು ಉರಿಯುತ್ತಿತ್ತು’ ಎಂದು ತಿಳಿಸಬೇಕು. ರಕ್ತದಲ್ಲಿ ಸೇರಿದ ಅನಿಲ ಬಯಲಿನ ಗಾಳಿಯಲ್ಲಿ ಅರ್ಧಕ್ಕಿಳಿಯಲು ನಾಲ್ಕೈದು ತಾಸು ಬೇಕು. ಮಾಸ್ಕಿನ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಒಂದರಿಂದ ಒಂದೂವರೆ ತಾಸು ಸಾಕು. ಆದ್ದರಿಂದ ಮುಖಕ್ಕೆ ನೀರು ಚಿಮುಕಿಸುತ್ತ, ಈರುಳ್ಳಿ ಮೂಸಿಸುತ್ತ ಕಳೆಯುವ ಪ್ರತಿ ನಿಮಿಷವೂ ನಷ್ಟ.

ಕೋವಿಡ್ ಬಂದು ಹೋದ ಮೇಲೆ ಅನೇಕ ಮನೆಗಳಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರ್ ಉಳಿದಿದೆ. ಈ ಸಂದರ್ಭದಲ್ಲಿ ಅದನ್ನು ನಂಬುವಂತಿಲ್ಲ. ಕಾರ್ಬನ್ ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ ಕೂಡ ಆ ಉಪಕರಣಕ್ಕೆ ಆಮ್ಲಜನಕ ಹೊತ್ತ ರಕ್ತದಂತೆಯೇ ಕಾಣುತ್ತದೆ. ಸಾವಿನಂಚಿನಲ್ಲಿರುವವರ ಬೆರಳಿನಲ್ಲಿಯೂ 98 ಎಂದು ತೋರಿಸಬಹುದು. ಅದೇ ಕೋಣೆಯಲ್ಲಿ ಮಲಗಿದ್ದು, ‘ಬರೀ ತಲೆನೋವು’ ಎನ್ನುತ್ತ ಎದ್ದು ಓಡಾಡುತ್ತಿರುವವರನ್ನೂ ಜೊತೆಯಲ್ಲಿಯೇ ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಬೇಕು. ಅವರಲ್ಲಿ ಗರ್ಭಿಣಿಯರಿದ್ದರೆ ಅವರದು ಮೊದಲ ಸರದಿ. ಹೊಟ್ಟೆಯಲ್ಲಿರುವ ಶಿಶುವಿನ ರಕ್ತ ಈ ಅನಿಲವನ್ನು ತಾಯಿಯ ರಕ್ತಕ್ಕಿಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ತಾಯಿ ಚೇತರಿಸಿಕೊಂಡ ಮೇಲೂ ಬಿಡಲು ತಡಮಾಡುತ್ತದೆ.